ಆರೈಕೆ ರೋಗಿಯ ಕೈಗೆ ದಾಟುವ ಬಗೆ

ಹೊಟ್ಟೆಯ ದೊಡ್ಡ ಶಸ್ತ್ರಚಿಕಿತ್ಸೆ ಮುಗಿದು ವಾರ್ಡಿಗೆ ಬಂದ ವಯಸ್ಕ ರೋಗಿಯ ಉಸಿರು, ನಾಡಿ, ನೋವು, ಮೂತ್ರದ ಪ್ರಮಾಣ, ಗಾಯದ ಸ್ಥಿತಿ, ಮಗ್ಗುಲು ಬದಲಿಸುವುದು, ಇವೆಲ್ಲವೂ ಮೊದಲ ಗಂಟೆಗಳಲ್ಲಿ ನರ್ಸ್‌ನ ಹೊಣೆಯಾಗಿರುತ್ತವೆ. ಕೆಲವು ದಿನಗಳು ಕಳೆದ ಮೇಲೆ ಅದೇ ರೋಗಿ ಮನೆಗೆ ಹೊರಡುತ್ತಾರೆ. ಅಲ್ಲಿ ಗಾಯವನ್ನು ನೋಡಿಕೊಳ್ಳುವುದು, ಮಾತ್ರೆಯನ್ನು ಹೊತ್ತಿಗೆ ಸರಿಯಾಗಿ ನುಂಗುವುದು, ಅಪಾಯದ ಸೂಚನೆ ಕಂಡಾಗ ಅದನ್ನು ಗುರುತಿಸುವುದು ಅವರದೇ ಕೆಲಸ. ವಾರ್ಡಿನಲ್ಲಿ ತರಬೇತಿ ಪಡೆದ ಹಲವರು ಪಾಳಿಯ ಮೇಲೆ ಮಾಡುತ್ತಿದ್ದುದನ್ನು ಮನೆಯಲ್ಲಿ ಒಬ್ಬರು, ಅದೂ ಇನ್ನೂ ನಿತ್ರಾಣದಲ್ಲಿರುವವರು, ಮಾಡಬೇಕಾಗುತ್ತದೆ. ಔಷಧ ಮತ್ತು ಶಸ್ತ್ರಚಿಕಿತ್ಸಾ ವಿಭಾಗಗಳ ಶುಶ್ರೂಷೆಯಲ್ಲಿ ರೋಗಿಗೆ ತಿಳಿವಳಿಕೆ ನೀಡುವ ಕೆಲಸವನ್ನು ‘ಸಮಯ ಸಿಕ್ಕರೆ ಮಾಡುವ’ ಹೆಚ್ಚುವರಿ ಸೇವೆಯೆಂದು ನೋಡುವ ರೂಢಿ ಉಂಟಾದರೂ, ಈ ಕೈಬದಲಾವಣೆಯನ್ನು ಗಮನಿಸಿದರೆ ಅದು ಆರೈಕೆಯದೇ ಉತ್ತರಾರ್ಧವೆಂಬುದು ಕಾಣುತ್ತದೆ.

ಈ ಸಂಗತಿಗೆ ಸ್ಪಷ್ಟವಾದ ಚೌಕಟ್ಟು ಕೊಟ್ಟವರು ಅಮೆರಿಕದ ಶುಶ್ರೂಷಾ ಚಿಂತಕಿ ಡೊರೊಥಿಯಾ ಓರೆಮ್. ಪ್ರತಿಯೊಬ್ಬ ವಯಸ್ಕರೂ ಸಾಮಾನ್ಯವಾಗಿ ತಮ್ಮ ಆರೈಕೆಯನ್ನು ತಾವೇ ಮಾಡಿಕೊಳ್ಳುತ್ತಾರೆ, ಕಾಯಿಲೆಯಿಂದ ಆ ಸಾಮರ್ಥ್ಯ ಕುಗ್ಗಿದಾಗ ಉಂಟಾಗುವ ಕೊರತೆಯನ್ನು ತುಂಬುವುದೇ ಶುಶ್ರೂಷೆ ಎಂಬುದು ಅವರ ಸಿದ್ಧಾಂತದ ತಿರುಳು. ಅವರು ಶುಶ್ರೂಷೆಯನ್ನು ಮೂರು ಬಗೆಯಾಗಿ ವಿಂಗಡಿಸಿದರು: ರೋಗಿಯ ಪರವಾಗಿ ಎಲ್ಲವನ್ನೂ ಮಾಡುವುದು, ರೋಗಿಯ ಜೊತೆ ಸೇರಿ ಮಾಡುವುದು, ಬೆಂಬಲ ಕೊಟ್ಟು ಕಲಿಸಿ ರೋಗಿಯೇ ಮಾಡುವಂತೆ ಮಾಡುವುದು. ಅರಿವಳಿಕೆಯ ಮಂಪರಿನಲ್ಲಿರುವ ರೋಗಿ ಮೊದಲನೆಯ ಹಂತದಲ್ಲಿರುತ್ತಾರೆ. ನರ್ಸ್‌ನ ತೋಳು ಹಿಡಿದು ಮೊದಲ ಬಾರಿ ಹಾಸಿಗೆಯಿಂದ ಇಳಿಯುವಾಗ ಎರಡನೆಯದಕ್ಕೆ ಬಂದಿರುತ್ತಾರೆ. ಇನ್ಸುಲಿನ್ ಸಿರಿಂಜನ್ನು ತಾವೇ ತುಂಬಿಕೊಳ್ಳುವ ಹೊತ್ತಿಗೆ ಮೂರನೆಯದನ್ನು ತಲುಪಿರುತ್ತಾರೆ. ಯಾವ ರೋಗಿ ಯಾವ ಹಂತದಲ್ಲಿದ್ದಾರೆ ಎಂಬುದನ್ನು ದಿನದಿನವೂ ಅಳೆಯುವುದು ಇಲ್ಲಿನ ನಿಜವಾದ ಕೌಶಲ. ಸಾಮರ್ಥ್ಯ ಬಂದ ಮೇಲೂ ಎಲ್ಲವನ್ನೂ ನರ್ಸ್ ಮಾಡಿಕೊಡುತ್ತಿದ್ದರೆ ರೋಗಿಯ ಚೇತರಿಕೆ ನಿಧಾನವಾಗುತ್ತದೆ. ಸಾಮರ್ಥ್ಯ ಬರುವ ಮೊದಲೇ ಹೊಣೆ ಹೊರಿಸಿದರೆ ರೋಗಿಗೆ ಅಪಾಯ.

ಈ ಅಳತೆಗಾಗಿ ನರ್ಸ್‌ಗಳು ಅನುಸರಿಸುವ ಕ್ರಮದಲ್ಲಿ ಐದು ಹಂತಗಳಿವೆ: ಸ್ಥಿತಿಯನ್ನು ಪರಿಶೀಲಿಸುವುದು, ಶುಶ್ರೂಷೆಯ ದೃಷ್ಟಿಯಿಂದ ಸಮಸ್ಯೆಯನ್ನು ಗುರುತಿಸುವುದು, ಯೋಜಿಸುವುದು, ಕಾರ್ಯಗತಗೊಳಿಸುವುದು, ಫಲವನ್ನು ಪರೀಕ್ಷಿಸುವುದು. ಎರಡನೆಯ ಹಂತ ಹೊರಗಿನವರಿಗೆ ಗೊಂದಲ ಹುಟ್ಟಿಸುತ್ತದೆ. ವೈದ್ಯರು ‘ನ್ಯುಮೋನಿಯಾ’ ಎಂದು ರೋಗವನ್ನು ಹೆಸರಿಸುವ ಕಡೆ ನರ್ಸ್ ‘ಕಫ ಗಟ್ಟಿಯಾಗಿದೆ, ಪಕ್ಕೆ ನೋಯುವುದರಿಂದ ರೋಗಿ ಕೆಮ್ಮಲು ಹೆದರುತ್ತಿದ್ದಾರೆ’ ಎಂದು ಬರೆದುಕೊಳ್ಳುತ್ತಾರೆ. ಮೊದಲನೆಯದಕ್ಕೆ ಮದ್ದು ಆಂಟಿಬಯೋಟಿಕ್. ಎರಡನೆಯದಕ್ಕೆ ನೋವುಶಾಮಕ ಕೊಟ್ಟು ಅರ್ಧ ಗಂಟೆ ಬಿಟ್ಟು ಕೆಮ್ಮಿಸುವುದು, ಎತ್ತರಿಸಿ ಕೂರಿಸುವುದು, ನೀರು ಕುಡಿಸುವುದು. ಎರಡೂ ಒಂದೇ ಶ್ವಾಸಕೋಶದ ವಿಚಾರವೇ ಆದರೂ ಎರಡನೆಯದನ್ನು ಯಾರೂ ಗಮನಿಸದಿದ್ದರೆ ಮೊದಲನೆಯದರ ಫಲ ಅರ್ಧಕ್ಕೆ ನಿಲ್ಲುತ್ತದೆ.

ಕಲಿಸುವ ಕೆಲಸ ಶಸ್ತ್ರಚಿಕಿತ್ಸೆಗೆ ಮೊದಲೇ ಶುರುವಾಗಬೇಕು. ನೋವು, ಮಂಪರು, ಮೂಗಿನ ಕೊಳವೆ ಇವುಗಳ ನಡುವೆ ಹೊಸದೇನನ್ನೂ ಕಲಿಯಲಾಗುವುದಿಲ್ಲ. ಮೊದಲೇ ಅಭ್ಯಾಸ ಮಾಡಿದ್ದನ್ನು ಆಗ ಮರಳಿ ಮಾಡಬಹುದು ಅಷ್ಟೆ. ಆದ್ದರಿಂದ ಆಳವಾಗಿ ಉಸಿರಾಡುವ ಕ್ರಮ, ಹೊಟ್ಟೆಯ ಗಾಯಕ್ಕೆ ದಿಂಬು ಒತ್ತಿ ಹಿಡಿದು ಕೆಮ್ಮುವ ರೀತಿ, ಪಕ್ಕಕ್ಕೆ ಹೊರಳಿ ಕೈಯೂರಿ ಏಳುವ ಬಗೆ, ಪಾದಗಳನ್ನು ಮೇಲೆ ಕೆಳಗೆ ಆಡಿಸುವ ವ್ಯಾಯಾಮ ಇವುಗಳನ್ನು ಮುಂಚಿನ ದಿನವೇ ರೋಗಿಯಿಂದ ಮಾಡಿಸಿ ನೋಡಬೇಕು. ಉಪವಾಸದ ಸೂಚನೆಗೂ ಕಾರಣ ಹೇಳಬೇಕು: ಅರಿವಳಿಕೆಯಲ್ಲಿ ಗಂಟಲಿನ ರಕ್ಷಣಾ ಪ್ರತಿಕ್ರಿಯೆಗಳು ಮಂಕಾಗುವುದರಿಂದ ಹೊಟ್ಟೆಯಲ್ಲಿರುವುದು ಮೇಲೆ ಬಂದು ಶ್ವಾಸಕೋಶಕ್ಕೆ ಇಳಿಯುವ ಭಯವಿರುತ್ತದೆ. ಆರೋಗ್ಯವಂತ ವಯಸ್ಕರಿಗೆ ಹಗುರ ಆಹಾರವನ್ನು 6 ಗಂಟೆ ಮೊದಲು, ತಿಳಿಯಾದ ದ್ರವಗಳನ್ನು 2 ಗಂಟೆ ಮೊದಲು ನಿಲ್ಲಿಸುವುದು ಇಂದು ವ್ಯಾಪಕವಾಗಿ ಒಪ್ಪಿತವಾಗಿರುವ ನಿಯಮ. ‘ರಾತ್ರಿ ಹನ್ನೆರಡರಿಂದ ಏನೂ ಬೇಡ’ ಎಂದು ಎಲ್ಲರಿಗೂ ಒಂದೇ ಮಾತು ಹೇಳುವುದು ಸುಲಭವೇನೋ ಹೌದು, ಆದರೆ ಮಧ್ಯಾಹ್ನ ಶಸ್ತ್ರಚಿಕಿತ್ಸೆಯಿರುವ ರೋಗಿ ಅದರಿಂದ ಸುಮ್ಮನೆ ಬಾಯಾರಿ ಬಳಲುತ್ತಾರೆ.

ವಿಶ್ವ ಆರೋಗ್ಯ ಸಂಸ್ಥೆಯು 2008ರಲ್ಲಿ ಹೊರತಂದ ಶಸ್ತ್ರಚಿಕಿತ್ಸಾ ಸುರಕ್ಷತಾ ಪಟ್ಟಿ ಅರಿವಳಿಕೆಗೆ ಮೊದಲು, ಚರ್ಮ ಕೊಯ್ಯುವ ಮೊದಲು, ರೋಗಿ ಕೊಠಡಿಯಿಂದ ಹೊರಡುವ ಮೊದಲು ಹೀಗೆ ಮೂರು ಕಡೆ ತಂಡವನ್ನು ನಿಲ್ಲಿಸಿ ಪರಿಶೀಲಿಸುವಂತೆ ಮಾಡುತ್ತದೆ. ರೋಗಿಯ ಹೆಸರನ್ನೂ ಯಾವ ಭಾಗದ ಶಸ್ತ್ರಚಿಕಿತ್ಸೆ ಎಂಬುದನ್ನೂ ಮತ್ತೆ ಮತ್ತೆ ಕೇಳುವುದು ಇದರ ಭಾಗವೆಂದು ಮೊದಲೇ ತಿಳಿಸಿದ್ದರೆ, ‘ಇವರಿಗೆ ನಾನು ಯಾರೆಂದೇ ಗೊತ್ತಿಲ್ಲವೇ’ ಎಂಬ ಆತಂಕ ರೋಗಿಗೆ ಬರುವುದಿಲ್ಲ.

ಶಸ್ತ್ರಚಿಕಿತ್ಸೆಯ ನಂತರದ ನಿಗಾ ಮೇಲ್ನೋಟಕ್ಕೆ ಯಾಂತ್ರಿಕವಾಗಿ ಕಾಣುತ್ತದೆ. ಪ್ರತಿ 15 ನಿಮಿಷಕ್ಕೆ, ಆಮೇಲೆ ಅರ್ಧ ಗಂಟೆಗೆ, ಬಳಿಕ ಕೆಲವು ಗಂಟೆಗಳಿಗೊಮ್ಮೆ ಬಿಪಿ, ನಾಡಿ, ಉಸಿರು, ಜ್ವರ, ರಕ್ತದ ಆಮ್ಲಜನಕ, ಎಚ್ಚರದ ಮಟ್ಟ ಇವುಗಳನ್ನು ಬರೆಯಲಾಗುತ್ತದೆ. ಆದರೆ ಇಲ್ಲಿ ಒಂದೊಂದು ಅಂಕಿಯಿಂದ ತಿಳಿಯುವುದು ಕಡಿಮೆ, ಅಂಕಿಗಳ ಸಾಗುವಿಕೆಯಿಂದ ತಿಳಿಯುವುದು ಹೆಚ್ಚು. ಒಳಗೆ ರಕ್ತಸ್ರಾವವಾಗುತ್ತಿರುವ ವಯಸ್ಕರಲ್ಲಿ ಬಿಪಿ ಬಹಳ ಹೊತ್ತಿನವರೆಗೆ ತಕ್ಕಮಟ್ಟಿಗೆ ಸರಿಯಾಗಿಯೇ ಕಾಣಬಹುದು, ಏಕೆಂದರೆ ದೇಹವು ರಕ್ತನಾಳಗಳನ್ನು ಬಿಗಿಗೊಳಿಸಿ, ಹೃದಯದ ಬಡಿತವನ್ನು ಏರಿಸಿ ಒತ್ತಡವನ್ನು ಕಾಪಾಡಿಕೊಳ್ಳುತ್ತದೆ. ನಾಡಿ 80ರಿಂದ 96ಕ್ಕೆ, ಅಲ್ಲಿಂದ 112ಕ್ಕೆ ಏರುತ್ತಿದ್ದು, ಚರ್ಮ ತಣ್ಣಗಾಗುತ್ತ, ರೋಗಿ ಚಡಪಡಿಸುತ್ತಿದ್ದರೆ ಬಿಪಿ ಕುಸಿಯುವವರೆಗೆ ಕಾಯಬಾರದು.

ಇಂತಹ ಹದಗೆಡುವಿಕೆಯನ್ನು ಬೇಗ ಹಿಡಿಯಲು ಬ್ರಿಟನ್ನಿನ ರಾಯಲ್ ಕಾಲೇಜ್ ಆಫ್ ಫಿಸಿಷಿಯನ್ಸ್ 2012ರಲ್ಲಿ ಒಂದು ಅಂಕಪದ್ಧತಿಯನ್ನು ರೂಪಿಸಿ 2017ರಲ್ಲಿ ಪರಿಷ್ಕರಿಸಿತು. ಪ್ರತಿ ಅಳತೆಗೂ ಸಹಜ ಮಟ್ಟದಿಂದ ಎಷ್ಟು ದೂರವಿದೆ ಎಂಬುದರ ಮೇಲೆ 0ಯಿಂದ 3ರವರೆಗೆ ಅಂಕ ಕೊಟ್ಟು ಕೂಡಿಸಲಾಗುತ್ತದೆ; ಮೊತ್ತ 5 ಮುಟ್ಟಿದರೆ ವೈದ್ಯರು ತುರ್ತಾಗಿ ನೋಡಬೇಕು, 7 ಅಥವಾ ಹೆಚ್ಚಾದರೆ ಅದು ಗಂಡಾಂತರದ ಸ್ಥಿತಿ. ನಿಮಿಷಕ್ಕೆ 12ರಿಂದ 20 ಉಸಿರುಗಳಿಗೆ ಅಂಕವಿಲ್ಲ. 25 ಅಥವಾ ಹೆಚ್ಚಾದರೂ, 8ಕ್ಕೆ ಇಳಿದರೂ ನೇರವಾಗಿ 3 ಅಂಕ. ಉಸಿರಿಗೆ ಇಷ್ಟು ತೂಕವಿದ್ದರೂ ಯಂತ್ರಕ್ಕೆ ಸಿಗದೆ ಕಣ್ಣಿನಿಂದಲೇ ಎಣಿಸಬೇಕಾಗಿರುವುದರಿಂದ ವಾರ್ಡುಗಳಲ್ಲಿ ಹೆಚ್ಚು ಅಲಕ್ಷ್ಯಕ್ಕೊಳಗಾಗುವುದೂ ಉಸಿರೇ. ಹಾಳೆಯಲ್ಲಿ ಎಲ್ಲ ರೋಗಿಗಳದೂ 18 ಅಥವಾ 20 ಎಂದೇ ಬರೆದಿದ್ದರೆ ಯಾರೂ ಎಣಿಸಿಲ್ಲವೆಂದೇ ಅರ್ಥ. ಪೂರ್ತಿ ಒಂದು ನಿಮಿಷ, ರೋಗಿಗೆ ತಿಳಿಯದಂತೆ, ನಾಡಿ ನೋಡುತ್ತಿರುವ ಭಂಗಿಯಲ್ಲೇ ಎದೆಯ ಏರಿಳಿತವನ್ನು ಎಣಿಸುವುದು ಹಳೆಯ ಉಪಾಯ. ಎಣಿಸುತ್ತಿದ್ದಾರೆಂದು ಗೊತ್ತಾದರೆ ಉಸಿರಾಟದ ಲಯವೇ ಬದಲಾಗುತ್ತದೆ.

ನೋವಿನ ನಿರ್ವಹಣೆ ಉಸಿರಿನ ಜೊತೆಗೇ ಹೆಣೆದುಕೊಂಡಿದೆ. ಮಾರ್ಫಿನ್‌ನಂತಹ ಪ್ರಬಲ ನೋವುಶಾಮಕಗಳು ಉಸಿರಾಟವನ್ನು ಮಂದಗೊಳಿಸಬಲ್ಲವು. ಅದಕ್ಕೆ ಮೊದಲೇ ಸಾಮಾನ್ಯವಾಗಿ ತೂಕಡಿಕೆ ಹೆಚ್ಚುತ್ತದೆ. ಆದ್ದರಿಂದ ಮಾತಿನ ನಡುವೆಯೇ ನಿದ್ದೆಗೆ ಜಾರುವ ರೋಗಿಯನ್ನು ‘ಪಾಪ, ನೆಮ್ಮದಿಯಾಗಿ ಮಲಗಿದ್ದಾರೆ’ ಎಂದು ಬಿಟ್ಟುಬಿಡುವಂತಿಲ್ಲ. ಆಮ್ಲಜನಕ ಕೊಡುತ್ತಿರುವಾಗ ಬೆರಳಿಗೆ ಹಾಕಿದ ಉಪಕರಣ ಒಳ್ಳೆಯ ಅಂಕಿಯನ್ನೇ ತೋರಿಸುತ್ತಿರಬಹುದು, ಉಸಿರು ಮಾತ್ರ ಅಪಾಯದ ಮಟ್ಟಕ್ಕೆ ಇಳಿದಿರಬಹುದು. ಇನ್ನೊಂದು ಬದಿಯಲ್ಲಿ, ವ್ಯಸನದ ಭಯದಿಂದಲೋ ಸಹಿಸಿಕೊಳ್ಳಬೇಕೆಂಬ ಹಟದಿಂದಲೋ ನೋವನ್ನು ಹೇಳದೆ ಬಿಗಿಹಿಡಿದು ಮಲಗುವ ರೋಗಿ ಆಳವಾಗಿ ಉಸಿರೆಳೆಯುವುದಿಲ್ಲ, ಕೆಮ್ಮುವುದಿಲ್ಲ, ಏಳುವುದಿಲ್ಲ. 0ಯಿಂದ 10ರವರೆಗಿನ ನೋವಿನ ಮಾಪನದಲ್ಲಿ ಎಷ್ಟಿದೆ ಎಂದು ಕೇಳುವಾಗ ‘ಮಲಗಿದ್ದಾಗ ಎಷ್ಟು, ಕೆಮ್ಮಿದಾಗ ಎಷ್ಟು’ ಎಂದು ಎರಡು ಸಲ ಕೇಳಬೇಕಾಗಿರುವುದು ಇದಕ್ಕೇ. ನೋವು ವಿಪರೀತವಾಗುವ ಮೊದಲೇ ತಿಳಿಸಿ ಎಂದು ರೋಗಿಗೆ ಹೇಳಿಕೊಡುವುದೂ ಶುಶ್ರೂಷೆಯ ಕೆಲಸವೇ.

ಉಸಿರು ಮೇಲುಮೇಲಕ್ಕೇ ಸಾಗಿದರೆ ಶ್ವಾಸಕೋಶದ ಕೆಳಭಾಗದ ಗಾಳಿಗೂಡುಗಳು ಕುಸಿದು ಮುಚ್ಚಿಕೊಳ್ಳುತ್ತವೆ, ಅಲ್ಲಿ ಕಫ ನಿಲ್ಲುತ್ತದೆ, ಸೋಂಕು ಸೇರುತ್ತದೆ. ಎಚ್ಚರವಿರುವಾಗ ಗಂಟೆಗೊಮ್ಮೆ ಹತ್ತು ಬಾರಿ ನಿಧಾನವಾಗಿ ಉಸಿರೆಳೆದು ಕೆಲವು ಕ್ಷಣ ಹಿಡಿದು ಬಿಡುವುದು, ನಡುವೆ ಕೆಮ್ಮುವುದು ಇದಕ್ಕೆ ತಡೆ. ಹಲವರಿಗೆ ಚೆಂಡುಗಳಿರುವ ಪುಟ್ಟ ಉಸಿರಾಟದ ಉಪಕರಣವನ್ನು ಕೊಡಲಾಗುತ್ತದೆ; ಅದರ ಕೊಳವೆಗೆ ಊದಬೇಕೆಂದು ಬಹಳಷ್ಟು ಜನ ತಿಳಿಯುತ್ತಾರೆ, ನಿಜವಾಗಿ ಅದರಿಂದ ಉಸಿರನ್ನು ಒಳಗೆ ಎಳೆದುಕೊಳ್ಳಬೇಕು. ಹಾಸಿಗೆಯ ಪಕ್ಕದ ಮೇಜಿನ ಮೇಲೆ ಉಪಕರಣ ಇದೆಯೇ ಎಂದಷ್ಟೇ ನೋಡದೆ ಒಮ್ಮೆ ಮಾಡಿಸಿ ನೋಡಿದರೆ ಈ ತಪ್ಪು ತಕ್ಷಣ ಗೊತ್ತಾಗುತ್ತದೆ.

ಕಾಲುಗಳ ವಿಚಾರದಲ್ಲಿ ಜರ್ಮನ್ ವೈದ್ಯ ರುಡಾಲ್ಫ್ ವಿರ್ಕೋ ಅವರ ಹೆಸರಿನಲ್ಲಿ ಪ್ರಸಿದ್ಧವಾಗಿರುವ ಮೂರು ಕಾರಣಗಳು ಇಂದಿಗೂ ಉಪಯುಕ್ತ: ರಕ್ತದ ಹರಿವು ನಿಧಾನವಾಗುವುದು, ರಕ್ತನಾಳದ ಒಳಪದರಕ್ಕೆ ಪೆಟ್ಟಾಗುವುದು, ರಕ್ತದ ಹೆಪ್ಪುಗಟ್ಟುವ ಗುಣ ಹೆಚ್ಚುವುದು. ಶಸ್ತ್ರಚಿಕಿತ್ಸೆಯಾದ ರೋಗಿಯಲ್ಲಿ ಮೂರೂ ಒಟ್ಟಿಗೆ ಕೂಡುತ್ತವೆ. ಬೇಗ ಎಬ್ಬಿಸಿ ನಡೆಸುವುದು, ಪಾದ ಆಡಿಸುವುದು, ವೈದ್ಯರು ಹೇಳಿದ್ದರೆ ಒತ್ತುವ ಕಾಲುಚೀಲ ತೊಡಿಸುವುದು, ರಕ್ತ ಹೆಪ್ಪುಗಟ್ಟದಂತೆ ತಡೆಯುವ ಚುಚ್ಚುಮದ್ದು ಕೊಡುವುದು, ಇವುಗಳ ಹಿಂದಿನ ತರ್ಕ ಇದೇ. ಒಂದೇ ಕಾಲು ಊದಿಕೊಂಡು ಮೀನಖಂಡ ನೋಯುತ್ತಿದ್ದರೆ ಅದನ್ನು ತಿಕ್ಕಬಾರದು. ನೋವಿರುವ ಕಡೆ ಒತ್ತಿಕೊಡಲು ಮನೆಯವರ ಕೈ ತಾನಾಗಿ ಹೋಗುತ್ತದಾದರೂ ಹೆಪ್ಪು ಕಿತ್ತುಕೊಂಡು ಶ್ವಾಸಕೋಶಕ್ಕೆ ಸಾಗುವ ಭಯವಿರುವುದರಿಂದ ಅವರಿಗೂ ಇದನ್ನು ತಿಳಿಸಬೇಕು. ಈ ಅಪಾಯ ಆಸ್ಪತ್ರೆಯಿಂದ ಹೊರಟ ದಿನಕ್ಕೆ ಮುಗಿಯುವುದಿಲ್ಲ, ಕೆಲವು ವಾರಗಳವರೆಗೆ ಉಳಿದಿರುತ್ತದೆ.

ಮೂತ್ರದ ಪ್ರಮಾಣ ಒಳಗಿನ ರಕ್ತಸಂಚಾರಕ್ಕೆ ಹಿಡಿದ ಕನ್ನಡಿ. ದೇಹತೂಕದ ಪ್ರತಿ ಕಿಲೋಗೆ ಗಂಟೆಗೆ 0.5 ಮಿಲಿಲೀಟರ್ ಎಂಬುದು ವಾಡಿಕೆಯ ಕನಿಷ್ಠ ಮಟ್ಟ, ಅಂದರೆ 60 ಕಿಲೋ ತೂಕದವರಿಗೆ 30 ಮಿಲಿಲೀಟರ್. ಅದಕ್ಕಿಂತ ಕಡಿಮೆಯಾದರೆ ಮೊದಲು ಮೂತ್ರ ಹೊರಹರಿಸುವ ಕೊಳವೆಯಾದ ಕ್ಯಾಥೆಟರ್ ಮಡಚಿಕೊಂಡಿದೆಯೇ ಎಂದು ನೋಡಿ, ಆಮೇಲೆ ವೈದ್ಯರಿಗೆ ತಿಳಿಸಬೇಕು. ಕ್ಯಾಥೆಟರ್ ಇರುವಷ್ಟು ದಿನವೂ ಸೋಂಕಿನ ಸಾಧ್ಯತೆ ಬೆಳೆಯುತ್ತಲೇ ಇರುವುದರಿಂದ ‘ಇದು ಇವತ್ತೂ ಬೇಕೇ’ ಎಂದು ಪ್ರತಿದಿನ ಕೇಳುವುದು ಒಳ್ಳೆಯ ಅಭ್ಯಾಸ. ಏಳಲಾಗದವರ ಬೆನ್ನಿನ ಕೆಳಭಾಗ, ಹಿಮ್ಮಡಿ, ಸೊಂಟದ ಮೂಳೆಗಳ ಮೇಲಿನ ಚರ್ಮವನ್ನು ಮಗ್ಗುಲು ಬದಲಿಸುವಾಗಲೆಲ್ಲ ನೋಡಬೇಕು. ಬೆರಳಿನಿಂದ ಒತ್ತಿದರೂ ಬಿಳಿಚದ ಕೆಂಪು ಒತ್ತಡದ ಹುಣ್ಣಿನ ಮೊದಲ ಹಂತ. ಕಪ್ಪು ಮೈಬಣ್ಣದವರಲ್ಲಿ ಆ ಕೆಂಪು ಕಾಣದೇ ಹೋಗಬಹುದಾದ್ದರಿಂದ ಬಿಸಿ, ಗಡಸುತನ, ಸುತ್ತಲಿನ ಚರ್ಮಕ್ಕಿಂತ ಬೇರೆಯಾದ ಬಣ್ಣ ಇವುಗಳನ್ನು ಕೈಯಿಂದ ಮುಟ್ಟಿಯೂ ಕಣ್ಣಿನಿಂದ ಹೋಲಿಸಿಯೂ ತಿಳಿಯಬೇಕು.

ಗಾಯದ ಸೋಂಕು ಸಾಮಾನ್ಯವಾಗಿ ಹೊರಬೀಳುವುದು ಮೊದಲ ಕೆಲವು ದಿನಗಳು ಕಳೆದ ಮೇಲೆ. ಶಸ್ತ್ರಚಿಕಿತ್ಸೆಯಾದ 30 ದಿನಗಳೊಳಗೆ ಬರುವುದನ್ನು ಗಾಯದ ಸೋಂಕಿನ ಲೆಕ್ಕಕ್ಕೆ ಹಿಡಿಯುತ್ತಾರೆ, ಕೃತಕ ಕೀಲಿನಂತಹ ವಸ್ತು ಅಳವಡಿಸಿದ್ದರೆ ಈ ಅವಧಿ 90 ದಿನಗಳವರೆಗೂ ಚಾಚಬಹುದು. ಅಷ್ಟು ಹೊತ್ತಿಗೆ ರೋಗಿ ಮನೆಯಲ್ಲಿರುತ್ತಾರೆ. ಹಾಗಾಗಿ ಗಾಯವನ್ನು ಮೊದಲು ನೋಡುವ ಕಣ್ಣು ನರ್ಸ್‌ನದಾಗಿರುವುದಿಲ್ಲ, ರೋಗಿಯದಾಗಿರುತ್ತದೆ, ಮತ್ತು ಆ ಕಣ್ಣಿಗೆ ಹೋಲಿಸಿ ನೋಡಲು ಒಂದು ಚಿತ್ರ ಬೇಕು. ಡ್ರೆಸ್ಸಿಂಗ್ ಬದಲಿಸುವಾಗ ‘ಈ ಅಂಚಿನ ನಸುಗೆಂಪು ಸಹಜ, ಇದು ದಿನೇದಿನೇ ಹರಡಿದರೆ, ಮುಟ್ಟಿದರೆ ಬಿಸಿಯಾದರೆ, ಕೀವು ಅಥವಾ ವಾಸನೆ ಬಂದರೆ, ಕಡಿಮೆಯಾಗುತ್ತಿದ್ದ ನೋವು ಮತ್ತೆ ಏರಿದರೆ, ಜ್ವರ ಬಂದರೆ ತೋರಿಸಲು ಬನ್ನಿ’ ಎಂದು ಗಾಯವನ್ನೇ ತೋರಿಸಿ ಹೇಳಿದ ಮಾತು ಕೈಗಿತ್ತ ಮುದ್ರಿತ ಕಾಗದಕ್ಕಿಂತ ಹೆಚ್ಚು ಕಾಲ ನಿಲ್ಲುತ್ತದೆ. ಹೊಟ್ಟೆಯ ಗಾಯದಿಂದ ತಟ್ಟನೆ ನಸುಗೆಂಪು ನೀರು ಸುರಿದು, ಒಳಗೇನೋ ಬಿಟ್ಟುಕೊಂಡಂತೆ ಅನ್ನಿಸಿದರೆ ಹೊಲಿಗೆ ಬಿಚ್ಚಿರಬಹುದು. ಆಗ ಹೊರಬಂದುದನ್ನು ಒಳಗೆ ತಳ್ಳದೆ, ಲವಣದ್ರಾವಣದಲ್ಲಿ ನೆನೆಸಿದ ಶುದ್ಧ ಬಟ್ಟೆ ಮುಚ್ಚಿ, ಮೊಣಕಾಲು ಮಡಚಿ ಮಲಗಿಸಿ, ಬಾಯಿಗೆ ಏನೂ ಕೊಡದೆ ತುರ್ತು ನೆರವು ಕರೆಯಬೇಕು.

ಶಸ್ತ್ರಚಿಕಿತ್ಸೆಯಿಲ್ಲದ ದೀರ್ಘಕಾಲದ ಕಾಯಿಲೆಗಳಲ್ಲಿ ಕೈಬದಲಾವಣೆ ಇನ್ನೂ ಪೂರ್ಣವಾದದ್ದು, ಏಕೆಂದರೆ ಅಲ್ಲಿ ರೋಗಿಯೇ ಜೀವನಪೂರ್ತಿ ತಮ್ಮ ನರ್ಸ್. ಹೃದಯ ವೈಫಲ್ಯವಿರುವವರು ಪ್ರತಿದಿನ ಬೆಳಿಗ್ಗೆ ಮೂತ್ರ ಮಾಡಿದ ಮೇಲೆ, ತಿಂಡಿಗೆ ಮೊದಲು, ಒಂದೇ ತಕ್ಕಡಿಯಲ್ಲಿ ತೂಕ ನೋಡಿಕೊಂಡು ಬರೆದಿಡಬೇಕು. 3 ದಿನಗಳಲ್ಲಿ 2 ಕಿಲೋಗಿಂತ ಹೆಚ್ಚು ಏರಿದರೆ ತಿಳಿಸಬೇಕು. ಇಷ್ಟು ಬೇಗ ಕೊಬ್ಬು ಬೆಳೆಯುವುದಿಲ್ಲ; ಏರಿದ್ದು ನೀರು, ಒಂದು ಕಿಲೋ ಎಂದರೆ ಸುಮಾರು ಒಂದು ಲೀಟರ್. ಉಸಿರುಗಟ್ಟುವ ಮೊದಲೇ ತಕ್ಕಡಿ ಎಚ್ಚರಿಸುತ್ತದೆ ಎಂಬುದು ರೋಗಿಗೆ ಅರ್ಥವಾದರೆ ತೂಕ ನೋಡುವುದು ಒಣ ಶಿಸ್ತಾಗಿ ಉಳಿಯುವುದಿಲ್ಲ.

ಇನ್ಸುಲಿನ್ ತೆಗೆದುಕೊಳ್ಳುವವರಿಗೆ ಒಂದೇ ಜಾಗಕ್ಕೆ ಚುಚ್ಚುತ್ತಿದ್ದರೆ ಚರ್ಮದಡಿ ಗಂಟು ಬೆಳೆದು ಔಷಧ ಒಂದೊಂದು ದಿನ ಒಂದೊಂದು ಪ್ರಮಾಣದಲ್ಲಿ ಹೀರಲ್ಪಡುತ್ತದೆಂದು ಹೇಳಬೇಕು. ಸಕ್ಕರೆಯ ಅಂಕಿ ಕಾರಣವಿಲ್ಲದೆ ಏರಿಳಿಯುವವರ ಹೊಟ್ಟೆಯ ಚರ್ಮವನ್ನು ಮುಟ್ಟಿ ನೋಡಿದರೆ ಉತ್ತರ ಅಲ್ಲೇ ಸಿಗುವುದುಂಟು. ರಕ್ತದ ಸಕ್ಕರೆ ಡೆಸಿಲೀಟರ್‌ಗೆ 70 ಮಿಲಿಗ್ರಾಂಗಿಂತ ಕೆಳಗಿಳಿದರೆ ಬೇಗ ಹೀರಲ್ಪಡುವ 15 ಗ್ರಾಂ ಸಕ್ಕರೆ ತೆಗೆದುಕೊಂಡು 15 ನಿಮಿಷದ ನಂತರ ಮತ್ತೆ ಪರೀಕ್ಷಿಸಬೇಕು. ಎಚ್ಚರ ತಪ್ಪಿದವರ ಬಾಯಿಗೆ ಮಾತ್ರ ಏನನ್ನೂ ಹಾಕಬಾರದೆಂದು ಮನೆಯವರಿಗೆ ಒತ್ತಿ ಹೇಳಬೇಕು. ಹೃದಯದ ಬಡಿತವನ್ನು ತಗ್ಗಿಸುವ ಬೀಟಾ ಬ್ಲಾಕರ್ ಮಾತ್ರೆ ಸೇವಿಸುವವರಲ್ಲಿ ಸಕ್ಕರೆ ಕುಸಿದಾಗಿನ ಕೈನಡುಕ, ಎದೆಬಡಿತದಂತಹ ಎಚ್ಚರಿಕೆಗಳು ಮಸುಕಾಗಬಹುದು, ಬೆವರು ಮಾತ್ರ ಉಳಿದಿರುತ್ತದೆ. ಇನ್ಹೇಲರ್ ಬಳಸುವವರು ಉಸಿರನ್ನು ಹೊರಬಿಟ್ಟು, ಒಳಗೆ ಎಳೆಯಲು ತೊಡಗುತ್ತಲೇ ಒತ್ತಿ, ನಿಧಾನವಾಗಿ ಪೂರ್ತಿ ಎಳೆದು, ಸುಮಾರು 10 ಸೆಕೆಂಡು ಹಿಡಿಯಬೇಕು. ಸ್ಟಿರಾಯ್ಡ್ ಇದ್ದರೆ ಬಾಯಿ ಮುಕ್ಕಳಿಸಬೇಕು. ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ಮಾತ್ರೆ ಸೇವಿಸುವವರು ಸೊಪ್ಪನ್ನು ಪೂರ್ತಿ ಬಿಡಬೇಕಿಲ್ಲ, ಪ್ರಮಾಣವನ್ನು ದಿನದಿಂದ ದಿನಕ್ಕೆ ಒಂದೇ ಸಮನಾಗಿ ಇಟ್ಟುಕೊಂಡರೆ ಸಾಕು. ವೈದ್ಯರನ್ನು ಕೇಳದೆ ನೋವಿನ ಮಾತ್ರೆ ನುಂಗುವುದರಿಂದ ಬರುವ ರಕ್ತಸ್ರಾವವೇ ದೊಡ್ಡ ಭಯ.

ಇಷ್ಟೊಂದನ್ನು ಕಲಿಸುವುದು ಹೇಗೆ ಎಂಬುದು ಏನು ಕಲಿಸಬೇಕೆಂಬುದಕ್ಕಿಂತ ಕಷ್ಟದ ಪ್ರಶ್ನೆ. ಹೊರಡುವ ದಿನ, ಬಿಲ್ಲು ಮತ್ತು ವಾಹನದ ಗಡಿಬಿಡಿಯ ನಡುವೆ, ಹತ್ತು ನಿಮಿಷದಲ್ಲಿ ಎಲ್ಲವನ್ನೂ ಒಪ್ಪಿಸುವ ಪದ್ಧತಿ ನನ್ನ ದೃಷ್ಟಿಯಲ್ಲಿ ಕಲಿಸುವಿಕೆಯೇ ಅಲ್ಲ. ಪ್ರತಿ ಡ್ರೆಸ್ಸಿಂಗ್, ಪ್ರತಿ ಚುಚ್ಚುಮದ್ದು, ಪ್ರತಿ ಮಾತ್ರೆಯ ಹೊತ್ತೂ ಎರಡು ನಿಮಿಷದ ಪಾಠಕ್ಕೆ ಅವಕಾಶ. ಒಂದು ಸಲಕ್ಕೆ ಎರಡು ಮೂರು ವಿಷಯ ಸಾಕು. ಕನ್ನಡಕ ಮತ್ತು ಶ್ರವಣಯಂತ್ರ ರೋಗಿಯ ಬಳಿ ಇವೆಯೇ, ನೋವು ಹತೋಟಿಯಲ್ಲಿದೆಯೇ, ಮನೆಯಲ್ಲಿ ನಿಜವಾಗಿ ಮಾತ್ರೆ ತೆಗೆದುಕೊಡುವವರು ಯಾರು ಎಂಬುದನ್ನು ಮೊದಲು ತಿಳಿಯಬೇಕು. ಓದು ಬಾರದವರು ಅದನ್ನು ಬಾಯಿಬಿಟ್ಟು ಹೇಳುವುದು ಅಪರೂಪ, ‘ಕನ್ನಡಕ ಮರೆತೆ, ಮನೆಯಲ್ಲಿ ಓದಿಕೊಳ್ಳುತ್ತೇನೆ’ ಎಂಬ ಮಾತಿನ ಹಿಂದೆ ಕೆಲವೊಮ್ಮೆ ಆ ಸಂಕೋಚ ಅಡಗಿರುತ್ತದೆ.

‘ಅರ್ಥವಾಯಿತೇ?’ ಎಂಬ ಪ್ರಶ್ನೆಗೆ ಬಹುಪಾಲು ರೋಗಿಗಳು ‘ಆಯಿತು’ ಎನ್ನುತ್ತಾರೆ, ಆ ಉತ್ತರದಿಂದ ಏನೂ ತಿಳಿಯುವುದಿಲ್ಲ. ಅದರ ಬದಲು ‘ನಾನು ಸರಿಯಾಗಿ ಹೇಳಿದೆನೋ ಇಲ್ಲವೋ ನೋಡಬೇಕು, ತೂಕ ಏರಿದರೆ ಏನು ಮಾಡುತ್ತೀರಿ, ನಿಮ್ಮ ಮಾತಿನಲ್ಲಿ ಹೇಳಿ’ ಎಂದು ಕೇಳಿದರೆ ಪರೀಕ್ಷೆಯ ಭಾರ ರೋಗಿಯ ಮೇಲಿಂದ ಹೇಳಿದವರ ಮೇಲೆ ಬರುತ್ತದೆ, ತಪ್ಪಿದ್ದರೆ ಅದೂ ಹೊರಬರುತ್ತದೆ. ಕೈಕೆಲಸವಾದರೆ ಮಾಡಿ ತೋರಿಸುವಂತೆ ಕೇಳಬೇಕು. ತಪ್ಪಾದ ಕಡೆ ಅದೇ ವಾಕ್ಯವನ್ನು ಗಟ್ಟಿಯಾಗಿ ಮತ್ತೆ ಹೇಳುವುದರಿಂದ ಪ್ರಯೋಜನವಿಲ್ಲ, ಹೇಳುವ ಬಗೆಯನ್ನೇ ಬದಲಿಸಿ ಮತ್ತೆ ಕೇಳಬೇಕು. ಹೀಗೆ ಒಮ್ಮೊಮ್ಮೆ ಹೊರಬೀಳುವುದು ತಿಳಿವಳಿಕೆಯ ಕೊರತೆಯಾಗಿರುವುದೇ ಇಲ್ಲ: ಚುಚ್ಚುಮದ್ದಿನ ವಿಧಾನ ಗೊತ್ತಿದ್ದೂ ಸೂಜಿಗೆ ಅಂಜುವವರಿಗೆ, ಮಲ ಹೊರಬರಲು ಹೊಟ್ಟೆಯ ಮೇಲೆ ಮಾಡಿದ ಕರುಳಿನ ತೆರಪಿಗೆ ಅಂಟಿಸಿದ ಚೀಲವನ್ನು ಬದಲಿಸಲು ಬಲ್ಲವರಾಗಿದ್ದೂ ಅದನ್ನು ನೋಡಲಾಗದೆ ಮುಖ ತಿರುಗಿಸುವವರಿಗೆ ಇನ್ನಷ್ಟು ಮಾಹಿತಿ ಕೊಟ್ಟು ಫಲವಿಲ್ಲ. ಅವರಿಗೆ ಬೇಕಾದದ್ದು ಸಮಯ, ಪಕ್ಕದಲ್ಲಿ ಕುಳಿತವರ ಸಹನೆ, ಮೊದಲ ದಿನ ನೋಡುವುದು, ಮರುದಿನ ಮುಟ್ಟುವುದು, ಆಮೇಲೆ ಬದಲಿಸುವುದು ಎಂಬಂತಹ ಸಣ್ಣ ಸಣ್ಣ ಮೆಟ್ಟಿಲುಗಳು.

ದಾಖಲೆಯಲ್ಲಿ ‘ರೋಗಿಗೆ ತಿಳಿವಳಿಕೆ ನೀಡಲಾಯಿತು’ ಎಂದು ಬರೆದರೆ ಮುಂದಿನ ಪಾಳಿಯವರಿಗೆ ಏನೂ ಸಿಗುವುದಿಲ್ಲ. ‘ಇನ್ಸುಲಿನ್ ಪ್ರಮಾಣವನ್ನು ಎರಡು ಬಾರಿ ಸರಿಯಾಗಿ ಎಳೆದರು, ಚುಚ್ಚುವ ಜಾಗ ಬದಲಿಸುವುದನ್ನು ಮರೆತರು, ಸಕ್ಕರೆ ಕುಸಿದ ಲಕ್ಷಣಗಳಲ್ಲಿ ಬೆವರನ್ನು ಮಾತ್ರ ಹೇಳಿದರು, ರಾತ್ರಿ ಊಟದ ಮೊದಲು ಮಗಳ ಎದುರಿನಲ್ಲಿ ಮತ್ತೆ ಮಾಡಿಸಬೇಕು’ ಎಂದು ಬರೆದರೆ, ಸಂಜೆ ಬಂದ ನರ್ಸ್‌ಗೆ ಎಲ್ಲಿಂದ ಮುಂದುವರಿಸಬೇಕೆಂಬುದು ಓದುತ್ತಲೇ ಗೊತ್ತಾಗುತ್ತದೆ.